ಕಿವಿಗೆ ಇಂಪು, ಅರಿವಿಗೆ ಸೊಲ್ಲು

ಕೇಳುವುದು ಕಿವಿಯ ಸಹಜ ಧರ್ಮ. ಆಲಿಸುವುದು ಮನಸ್ಸು ಕೈಗೊಳ್ಳುವ ಕಾಯಕ. ಹಾವೇರಿ ಸೀಮೆಯವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳೂ, ಅದೇ ತಾಲ್ಲೂಕಿನಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ ಕಣ್ಣಿನ ಬೆಳಕಿಲ್ಲದೆ ಕಿವಿಯಿಂದಲೇ ವಿದ್ಯೆಯನ್ನು ಗಳಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದನ್ನು ಅಸಂಖ್ಯ ಶಿಷ್ಯರಿಗೆ ಧಾರೆಯೆರೆದರು.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ನಿವೃತ್ತ ಶಿಕ್ಷಕರೊಬ್ಬರಿಗೆ ಇದೇ ಭೇದವು ಇಳಿವಯಸ್ಸಿನಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಅವರ ಅಣ್ಣನವರು ಊರಿನ ಭಜನಾ ಮೇಳದಲ್ಲಿ ಹಾಡುತ್ತಿದ್ದವರು. ತಾವೇ ಕಟ್ಟಿದ ಹನ್ನೊಂದು ಹಾಡುಗಳನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ. ಅವರ ನಿಧನಾನಂತರ ಉಳಿದದ್ದು 1986ರಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಒಂದೇ ಕ್ಯಾಸೆಟ್. ಆ ಹಾಡುಗಳನ್ನು ಅಕ್ಷರಕ್ಕಿಳಿಸಿ ಮೊಮ್ಮಗಳಿಗೆ ಒಪ್ಪಿಸಬೇಕೆಂಬುದು ಮಾಸ್ತರರ ಹಂಬಲ. ಆದರೆ ಕ್ಯಾಸೆಟ್ಟಿನ ಧ್ವನಿ ಮಸುಕಾಗಿತ್ತು; ಅವರ ಕಿವಿಯೂ ಮಂದವಾಗುತ್ತಿತ್ತು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳ ಗ್ರಹಣಶಕ್ತಿ. ಸ್ವರಾಕ್ಷರಗಳು ಕೇಳಿಸುತ್ತವೆ, ಸಕಾರ, ಶಕಾರ, ತಕಾರಗಳಂತಹ ವ್ಯಂಜನಗಳು ಜಾರಿಹೋಗುತ್ತವೆ. ಮಾತು ಕೇಳಿಸಿಯೂ ತಿಳಿಯದಂತಾಗುವುದು ಇದರಿಂದಲೇ.

ಬೆಂಗಳೂರಿನಲ್ಲಿರುವ ಮಗ ಕ್ಯಾಸೆಟ್ಟನ್ನು ಗಣಕಯಂತ್ರಕ್ಕೆ ಇಳಿಸಿಕೊಟ್ಟು, ಎರಡು ಹೆಡ್‌ಫೋನ್‌ಗಳನ್ನು ತರಿಸಿದನು. ಎರಡೂ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಹೆಸರಿನವು. ಎಚ್‌ಡಿ 600 ಎಂಬುದು 1997ರಲ್ಲಿ, ಅಂದರೆ ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ವರ್ಷದಲ್ಲಿ, ಬಂದದ್ದು. ಎಚ್‌ಡಿ 650 ಎಂಬುದು 2003ರದು. ಎರಡಕ್ಕೂ 300 ಓಮ್ ವಿದ್ಯುತ್ ಪ್ರತಿರೋಧ. ಆದುದರಿಂದ ಮೊಬೈಲಿನ ಬಲ ಸಾಲದೆಂದು ಒಂದು ಸಣ್ಣ ಆಂಪ್ಲಿಫೈಯರ್ ಕೂಡ ಬಂದಿತು. ಎರಡೂ ಹಿಂಬದಿ ತೆರೆದಿರುವಂಥವು. ಹಾಕಿಕೊಂಡವರಿಗೆ ಹೊರಗಿನ ಕರೆ ಕೇಳಿಸುತ್ತದೆ, ಒಳಗಿನ ಹಾಡು ಹೊರಗೂ ಸೋರುತ್ತದೆ. ತೂಕ, ಆಕಾರಗಳಲ್ಲಿ ಅವಳಿ ಮಕ್ಕಳಂತೆ. ಹತ್ತು ದಿನಗಳೊಳಗೆ ಒಂದನ್ನು ಹಿಂದಿರುಗಿಸಬೇಕಾಗಿತ್ತು.

"ಅಪ್ಪಾ, ಎರಡೂ ಇಟ್ಟುಕೊಳ್ರಿ, ರೊಕ್ಕದ ಚಿಂತಿ ಬ್ಯಾಡ" ಎಂದನು ಮಗ.

"ಕಿವಿ ಎರಡಿದ್ರೂ ಕೇಳೂ ತಲಿ ಒಂದ ಐತೆಪಾ" ಎಂದರು ಮಾಸ್ತರರು.

ಮೊದಲ ಸಂಜೆ ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನವನ್ನು ಎರಡರಲ್ಲಿಯೂ ಕೇಳಿದರು. 650ರಲ್ಲಿ ತಂಬೂರಿಯ ನಾದ ತುಂಬಿ ಬರುತ್ತಿತ್ತು, ಕಂಠಕ್ಕೆ ಒಂದು ಗಾಂಭೀರ್ಯವಿತ್ತು. 600 ಅದರ ಮುಂದೆ ತುಸು ತೆಳುವೆನಿಸಿತು. ಅಣ್ಣನವರ ಕ್ಯಾಸೆಟ್ಟನ್ನು ಹಾಕಿದಾಗಲೂ 650ರಲ್ಲಿ ಟೇಪಿನ ಸುಯ್ ಎಂಬ ಸದ್ದು ತಗ್ಗಿ, ಅಣ್ಣನೇ ಪಕ್ಕದಲ್ಲಿ ಕುಳಿತು ಹಾಡಿದಂತಾಯಿತು. ಮಾಸ್ತರರ ಮನಸ್ಸು ಅಲ್ಲಿಯೇ ನೆಲೆಸಿತು.

ಆದರೆ ಮನಸ್ಸು ಮೆಚ್ಚಿದ್ದನ್ನೆಲ್ಲ ಸತ್ಯವೆನ್ನಲಾಗದು. ಎರಡು ಧ್ವನಿಗಳಲ್ಲಿ ತುಸುವೇ ಜೋರಾಗಿರುವುದು ಕಿವಿಗೆ ಉತ್ತಮವೆಂದು ತೋರುತ್ತದೆ. ಜೋರಿನ ವ್ಯತ್ಯಾಸವೆಂಬುದು ಕೇಳುವವನ ಅರಿವಿಗೇ ಬಾರದು. ಮೇಲಾಗಿ, ಧ್ವನಿಯ ಸೂಕ್ಷ್ಮ ಛಾಯೆಗಳ ನೆನಪು ಕೆಲವೇ ಕ್ಷಣಗಳಲ್ಲಿ ಮಾಸುತ್ತದೆ. ಇದನ್ನು ಅರಿತ ಮಾಸ್ತರರು ಮೊಮ್ಮಗಳ ನೆರವು ಪಡೆದರು. ಅವಳು ಒಂದೇ ಸಮನಾದ ಝೇಂಕಾರವನ್ನು ಹಚ್ಚಿ, ಮೊಬೈಲಿನ ಧ್ವನಿಮಾಪಕವನ್ನು ಕಿವಿದಿಂಬಿಗೆ ಹಿಡಿದು, ಎರಡರ ಮಟ್ಟವನ್ನೂ ಸಮಗೊಳಿಸಿದಳು. ವಾರಕ್ಕೆ 40 ಗಂಟೆಯಾದರೆ 80 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಟ್ಟವನ್ನು ಅದಕ್ಕಿಂತ ಕೆಳಗೆಯೇ ಇರಿಸಿದರು. ಅನಂತರ ಅಜ್ಜನ ಕಣ್ಣು ಮುಚ್ಚಿಸಿ, ಯಾವುದೆಂದು ಹೇಳದೆ ಒಂದೊಂದನ್ನೇ ತಲೆಗೇರಿಸಿದಳು. ಮೊದಲ ಸಂಜೆಯ ದೊಡ್ಡ ಅಂತರ ಈಗ ಎಳೆಯಷ್ಟಾಯಿತು. ಆದರೂ ಆ ಎಳೆ ಇತ್ತು. 650ರ ಇಂಪನ್ನು ಅವರು ಹೆಚ್ಚಿನ ಬಾರಿ ಗುರುತಿಸಿದರು.

ಆಗ ಅವರು ಕೇಳಿಕೊಂಡ ಪ್ರಶ್ನೆಯೇ ಇಲ್ಲಿ ಗಮನಿಸಬೇಕಾದ ಅಂಶ. ಈ ಉಪಕರಣ ಮನೆಗೆ ಬಂದದ್ದು ಯಾವುದರ ಸಲುವಾಗಿ? ಅಣ್ಣನ ಕಂಠದ ಸವಿಯನ್ನು ಸವಿಯುವುದಕ್ಕೋ, ಅಣ್ಣನ ಸೊಲ್ಲನ್ನು ಉಳಿಸುವುದಕ್ಕೋ? ಉತ್ತರ ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯೂ ಬದಲಾಯಿತು. ಸಂದೇಹವಿದ್ದ ಪದಗಳನ್ನು ಪಟ್ಟಿಮಾಡಿ, ಕೇಳಿದ್ದನ್ನು ಕೇಳಿದಂತೆ ಬರೆದರು. ಎರಡನೆಯ ಸಲ ಕೇಳುವಾಗ ಮೊದಲ ಸಲದ ತಿಳಿವು ನೆರವಾಗುವುದು ಸಹಜ. ಆದುದರಿಂದ ಒಂದು ಹಾಡಿಗೆ 600 ಮೊದಲು, ಮುಂದಿನದಕ್ಕೆ 650 ಮೊದಲು ಎಂದು ಸರದಿಯಿಟ್ಟರು. ನಾಲ್ಕು ದಿನಗಳ ಕೊನೆಗೆ 600ರಲ್ಲಿ ಬಿಡಿಸಿದ ಪದಗಳು ಏಳು ಹೆಚ್ಚಾಗಿದ್ದವು. ಟೇಪಿನ ಸುಯ್ಯೆನ್ನುವ ಸದ್ದೂ ವ್ಯಂಜನಗಳ ಅಂಚೂ ವಾಸಿಸುವುದು ಎತ್ತರದ ಸ್ವರಗಳಲ್ಲಿಯೇ. ಒಂದನ್ನು ಮೆದುಗೊಳಿಸಿದರೆ ಇನ್ನೊಂದೂ ಮೆದುವಾಗುತ್ತದೆ. 650 ಕೊಟ್ಟ ನೆಮ್ಮದಿಯ ಬೆಲೆ ಅದಾಗಿತ್ತು.

ಒಂದು ಪದ ಮಾತ್ರ ಎರಡಕ್ಕೂ ಒಲಿಯಲಿಲ್ಲ. ಕೊನೆಯ ಹಾಡಿನಲ್ಲಿ ಅಣ್ಣ ಹಾಡಿದ್ದು 'ತುತ್ತು' ಎಂದೋ, 'ಕುತ್ತು' ಎಂದೋ? ಒಂದು ಅನ್ನ, ಇನ್ನೊಂದು ಆಪತ್ತು, ಅರ್ಥವೇ ತಲೆಕೆಳಗಾಗುತ್ತದೆ. ಟೇಪು ಹಿಡಿಯದೆ ಬಿಟ್ಟದ್ದನ್ನು ಯಾವ ಬೆಲೆಯ ಉಪಕರಣವೂ ಮರಳಿ ತಾರದು. ತಮಗೆ ಸರಿಕಂಡದ್ದನ್ನು ತುಂಬಿ ಪದ್ಯವನ್ನು ನೇರ್ಪುಗೊಳಿಸುವುದು ಕನ್ನಡ ಮಾಸ್ತರರಿಗೆ ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಎರಡೂ ಪದಗಳನ್ನು ಒಂದರ ಕೆಳಗೊಂದು ಬರೆದು, "ಕೇಳಿಸಿದ್ದು ಇಷ್ಟೇ" ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದರು.

ಒಂಬತ್ತನೆಯ ದಿನ 650 ತನ್ನ ಪೆಟ್ಟಿಗೆಯನ್ನು ಸೇರಿತು. ಅದನ್ನು ಮುಚ್ಚುವ ಮೊದಲು ಮಾಸ್ತರರು ಬರೆವಣಿಗೆಯ ಹಂಗಿಲ್ಲದೆ ಅಣ್ಣನ ಒಂದು ಹಾಡನ್ನು ಅದರಲ್ಲಿ ಪೂರ್ತಿಯಾಗಿ ಕೇಳಿದರು. ಮೆಚ್ಚಿದ್ದನ್ನು ಬಿಡುವಾಗ ಅದನ್ನು ಹಳಿಯಬೇಕಾಗಿಲ್ಲ. ತನ್ನ ಕಾಯಕಕ್ಕೆ ಒದಗುವುದು ಯಾವುದೆಂದು ಅರಿತರೆ ಸಾಕು. ಹನ್ನೊಂದು ಹಾಡುಗಳ ಆ ನೋಟುಪುಸ್ತಕ ಈಗ ಮೊಮ್ಮಗಳ ಕೈಯಲ್ಲಿದೆ. ಕೊನೆಯ ಹಾಡನ್ನು ಅವಳು ಒಂದು ದಿನ ತುತ್ತೆಂದೂ ಮತ್ತೊಂದು ದಿನ ಕುತ್ತೆಂದೂ ಹಾಡುತ್ತಾಳೆ. ಅಜ್ಜ ಎರಡನ್ನೂ ತಿದ್ದದೆ ಆಲಿಸುತ್ತಾರೆ.