ನೆರೆಯವರ ಮರಣ ಮತ್ತು ನಮ್ಮ ಹೊಣೆ

ಕ್ರೈಸ್ತ ನೆರೆಯವರ ಮನೆಯಲ್ಲಿ ಸಾವು ಸಂಭವಿಸಿದರೆ ಹೋಗಬಹುದೇ ಎಂದು ಮದ್ರಸದ ಮಕ್ಕಳು ನನ್ನನ್ನು ಆಗಾಗ ಕೇಳುವುದುಂಟು. ಹೋಗುವ ಮೊದಲು ಅಲ್ಲಿನ ವಿಧಿಗಳ ಅರ್ಥವನ್ನು ತಿಳಿದಿರಬೇಕು ಎಂಬುದು ನನ್ನ ಉತ್ತರ.

ಕಥೋಲಿಕರ ಅಂತ್ಯವಿಧಿಯಲ್ಲಿ ಶವಪೆಟ್ಟಿಗೆಯ ಬಳಿ ಈಸ್ಟರ್ ಮೇಣದಬತ್ತಿ ಉರಿಯುತ್ತದೆ. ಯೇಸು ಮರಣವನ್ನು ಗೆದ್ದು ಎದ್ದರೆಂಬ ವಿಶ್ವಾಸದ ಕುರುಹು ಅದು. ಚಿಮುಕಿಸುವ ಪವಿತ್ರ ಜಲ ದೀಕ್ಷಾಸ್ನಾನದ ನೆನಪು. ಧೂಪವು ಪವಿತ್ರಾತ್ಮನ ಆಲಯವಾಗಿದ್ದ ದೇಹಕ್ಕೆ ಸಲ್ಲಿಸುವ ಗೌರವ. ನವೆಂಬರ್ 2ರಂದು ಅವರು ಸಕಲ ಮೃತರಿಗಾಗಿ ಪ್ರಾರ್ಥಿಸುತ್ತಾರೆ.

ನಾವಾದರೋ ಮಯ್ಯಿತ್ತಿಗೆ ಸ್ನಾನ ಮಾಡಿಸಿ, ಕಫನ್ ತೊಡಿಸಿ, ರುಕೂ-ಸುಜೂದ್‌ಗಳಿಲ್ಲದ ಜನಾಝ ನಮಾಝನ್ನು ನಿಂತೇ ನಿರ್ವಹಿಸುತ್ತೇವೆ. ಮಣ್ಣಿಗಿಳಿದವರು ಮತ್ತೆ ಎಬ್ಬಿಸಲ್ಪಡುವರು, ಕರ್ಮಗಳ ವಿಚಾರಣೆ ನಡೆಯುವುದು ಎಂಬಲ್ಲಿ ಎರಡೂ ಸಮುದಾಯಗಳದ್ದು ಒಂದೇ ನಿರೀಕ್ಷೆ. ಆದರೆ ಶಿಲುಬೆಯ ಮೂಲಕ ವಿಮೋಚನೆ ಎಂಬ ಅವರ ನಂಬಿಕೆ ನಮ್ಮದಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರಲಾರರೆಂಬುದು ಕುರ್‌ಆನಿನ ಬೋಧನೆ. ಸೌಜನ್ಯದ ಹೆಸರಿನಲ್ಲಿ ಈ ಭಿನ್ನತೆಯನ್ನು ಮರೆಮಾಚಿದರೆ ಇಬ್ಬರ ವಿಶ್ವಾಸಕ್ಕೂ ಅನ್ಯಾಯವಾಗುತ್ತದೆ.

ಭಿನ್ನತೆಯು ದೂರ ನಿಲ್ಲಲು ನೆಪವೂ ಆಗಬಾರದು. ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ)ರು ಎದ್ದು ನಿಂತರು. ಸಂಗಡಿಗರು ಪ್ರಶ್ನಿಸಿದಾಗ, ಅದೂ ಒಂದು ಜೀವವೆಂಬುದನ್ನು ನೆನಪಿಸಿದರು. ಬುಖಾರಿಯಲ್ಲಿ ಈ ಹದೀಸ್ ಇದೆ. ಜಅಫರ್(ರ)ರು ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿಕೊಡುವಂತೆ ಹೇಳಿದವರೂ ಅವರೇ.

ಆದ್ದರಿಂದ ಮಕ್ಕಳಿಗೆ ಹೇಳುತ್ತೇನೆ: ಅವರ ಆರಾಧನೆಯಲ್ಲಿ ನಾವು ಪಾಲ್ಗೊಳ್ಳುವುದಿಲ್ಲ. ಆದರೆ ಹೋಗಿರಿ, ಗೌರವದಿಂದ ನಿಲ್ಲಿರಿ, ಮನೆಯವರನ್ನು ಸಂತೈಸಿರಿ, ಆ ದಿನ ಅವರ ಒಲೆ ಉರಿಯದಿದ್ದರೆ ಊಟ ತಲುಪಿಸಿರಿ. ಅಂತಿಮ ತೀರ್ಪು ಅಲ್ಲಾಹನದು.