ಖಾನಾಪುರದ ಹಾದಿಯಲ್ಲಿ ಒಂದು ದಿನ

ವಾಚಕರೇ, ಸಂಸ್ಕೃತದಲ್ಲಿ ಗೆಳೆತನಕ್ಕೆ ‘ಸಾಪ್ತಪದೀನ’ವೆಂದೊಂದು ಹೆಸರುಂಟು. ಏಳು ಹೆಜ್ಜೆ ಜತೆಯಾಗಿ ನಡೆದವರಲ್ಲಿ ಹುಟ್ಟುವಂಥಾದ್ದು ಎಂದು ಅದರ ಅರ್ಥ. ಪಾಣಿನಿಯು ಆ ಶಬ್ದಕ್ಕಾಗಿಯೇ ಒಂದು ಸೂತ್ರವನ್ನು ರಚಿಸಿರುವನು. ಬಹುಕಾಲ ನಾವು ಹುಡುಗರಿಗೆ ಆ ಶಬ್ದವನ್ನು ಬಿಡಿಸಿ ಹೇಳಿದೆವು. ಆದರೆ ಅದರ ತೂಕ ನಮಗೆ ತಿಳಿದುದು ಶಾಲೆಯಲ್ಲಲ್ಲ. ಕಳೆದ ಮಾರ್ಗಶಿರದ ಒಂದು ಮಧ್ಯಾಹ್ನ, ಮಚ್ಛೆಯ ರಸ್ತೆಯ ಬದಿಯಲ್ಲಿ.

ವಿಷಯವಿಷ್ಟು. ಮ್ಯಾರಥಾನ್ ಓಟದ ದೂರ ೪೨ ಕಿಲೋಮೀಟರು ೧೯೫ ಮೀಟರು. ಅದನ್ನು ಮೀರಿದುದಕ್ಕೆ ಅಲ್ಟ್ರಾ ಮ್ಯಾರಥಾನ್ ಎನ್ನುವರು. ಬೆಳಗಾವಿಯ ಕೋಟೆಯಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು. ಹೋಗಿ ಬಂದರೆ ೫೨. ಮುಂಜಾನೆಯ ವಾಯುಸೇವನೆಯಲ್ಲಿ ಜತೆಯಾದ ನಾವು ನಾಲ್ವರು—ಔಷಧದ ಅಂಗಡಿಯ ಶೆಟ್ಟರು, ಅಂಚೆಯ ಕೆಲಸದಿಂದ ನಿವೃತ್ತರಾದ ರಾಯರು, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮತ್ತು ನಾವು—ಇದನ್ನು ಒಂದೇ ದಿನದಲ್ಲಿ ಮುಗಿಸುವುದೆಂದು ಸಂಕಲ್ಪಿಸಿದೆವು. ಎಂಟು ತಿಂಗಳು ಅಭ್ಯಾಸ ಮಾಡಿದೆವು; ವೈದ್ಯರಿಂದ ಪರೀಕ್ಷೆಯನ್ನೂ ಮಾಡಿಸಿಕೊಂಡೆವು. ಸಮನೆಲದಲ್ಲಿ ಮೆಲ್ಲನೆ ಓಟ, ಏರಿನಲ್ಲಿ ನಡಿಗೆ. ಇದು ನಮ್ಮ ನಿಯಮ.

ಈ ಹುಚ್ಚಿಗೆ ನಮ್ಮ ನಾಡಿನಲ್ಲಿಯೇ ಒಬ್ಬ ಪೂರ್ವಪುರುಷನುಂಟು. ಬೆಳಗಾವಿ ಸೀಮೆಯ ಪಡೆಪ್ಪ ದರೆಪ್ಪ ಚೌಗುಲೆಯವರು ೧೯೨೦ರಲ್ಲಿ ಆಂಟ್ವರ್ಪ್ ನಗರದ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿದರು. ಆ ವರುಷದ ಹಾದಿ ೪೨ ಕಿಲೋಮೀಟರು ೭೫೦ ಮೀಟರು. ಒಲಿಂಪಿಕ್ಸಿನ ಮ್ಯಾರಥಾನ್‌ಗಳಲ್ಲೆಲ್ಲ ಅದೇ ದೀರ್ಘವಾದುದು. ಅದನ್ನು ಎರಡು ಗಂಟೆ ಐವತ್ತು ನಿಮಿಷಗಳ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಮುಗಿಸಿ ಅವರು ಹತ್ತೊಂಬತ್ತನೆಯವರಾದರು. ಆಗ ಅವರ ಪ್ರಾಯ ಹದಿನೆಂಟು ಮಾತ್ರ!

ನಸುಕಿನ ಐದು ಗಂಟೆಗೆ ಕೋಟೆಯಿಂದ ಹೊರಟೆವು. ೧೨೦೪ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದ ಕಮಲಬಸದಿಯು ಮಂಜಿನಲ್ಲಿ ಮಸುಕಾಗಿ ತೋರುತ್ತಿತ್ತು. ಊರಿನೊಳಗೆ ಹಾಲಿನವರನ್ನೂ ಕಸಗುಡಿಸುವವರನ್ನೂ ಬಿಟ್ಟರೆ ಯಾರೂ ಇಲ್ಲ. ೧೯೨೪ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದ ಟಿಳಕವಾಡಿಯನ್ನು ದಾಟಿ, ಎರಕದ ಕಾರ್ಖಾನೆಗಳ ಉದ್ಯಮಬಾಗವನ್ನು ಕಳೆದು, ಪೀರನವಾಡಿಯ ಮಾರ್ಗವಾಗಿ ಮಚ್ಛೆಯನ್ನು ಸೇರುವಷ್ಟರಲ್ಲಿ ಬೆಳಕು ಹರಿದಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೆಲೆಯಾದ ಈ ಊರು ಕೋಟೆಯಿಂದ ಸುಮಾರು ಹತ್ತು ಕಿಲೋಮೀಟರು. ಪಾಳಿಗೆ ಹೊರಟ ಕಾರ್ಮಿಕನೊಬ್ಬನು ಸೈಕಲ್ಲು ನಿಲ್ಲಿಸಿ, “ಅಜ್ಜಾರ, ಬಸ್ಸು ತಪ್ಪಿತೇನ್ರೀ?” ಎಂದು ಕೇಳಿದನು. ನಕ್ಕು ಮುಂದೆ ಸಾಗಿದೆವು.

ಖಾನಾಪುರದಲ್ಲಿ ಮಲಪ್ರಭೆಯ ನೀರನ್ನು ಕಣ್ಣಿಗೊತ್ತಿಕೊಂಡೆವು. ಕಣಕುಂಬಿಯಲ್ಲಿ ಹುಟ್ಟಿದ ಈ ನದಿ ಇಲ್ಲಿ ಇನ್ನೂ ಎಳೆಯದು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಅದಕ್ಕೂ ದೂರದ ದಾರಿಯುಂಟು. ಬಾಳೆಯ ಹಣ್ಣು, ಶೇಂಗಾ, ಬೆಲ್ಲ ತಿಂದು ಹಿಂದಿರುಗಿದೆವು.

ದೀರ್ಘ ಓಟದಲ್ಲಿ ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬರಿದಾಗತೊಡಗುವುದೆಂದು ಶೆಟ್ಟರು ಮೊದಲೇ ಎಚ್ಚರಿಸಿದ್ದರು. ಬೆವರಿನಲ್ಲಿ ಉಪ್ಪೂ ಹೋಗುವುದು. ಆದುದರಿಂದ ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯವೇ. ಎಲ್ಲರಿಗೂ ಬುದ್ಧಿ ಹೇಳಿದ ಶೆಟ್ಟರೇ ಮಚ್ಛೆಯ ಬಳಿ, ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲಿನಲ್ಲಿ, ಮೀನಖಂಡ ಹಿಡಿದು ಕುಸಿದು ಕುಳಿತರು. ಅಲ್ಲಿಗೆ ನಾವು ಬಂದಿದ್ದುದು ಸುಮಾರು ೪೨ ಕಿಲೋಮೀಟರು. ಮ್ಯಾರಥಾನ್ ಮುಗಿದು ನಮ್ಮ ಸಂಕಲ್ಪ ಆರಂಭವಾಗುವ ಗಡಿಯೇ ಅದು!

“ಮಾಸ್ತರರೇ, ನನ್ನನ್ನು ಬಸ್ಸು ಹತ್ತಿಸಿ ನೀವು ಓಡಿರಿ,” ಎಂದರು ಶೆಟ್ಟರು.

ಸತ್ಯವನ್ನು ಮುಚ್ಚುವುದೇಕೆ? ನಮ್ಮಲ್ಲಿ ಮೊದಲು ಮೂಡಿದುದು ಕರುಣೆಯಲ್ಲ, ಸಿಟ್ಟು. ಎಂಟು ತಿಂಗಳ ಶ್ರಮ ಮತ್ತೊಬ್ಬರ ಕಾಲಿನಿಂದ ಕೆಡುವುದೇ ಎಂದು ಮನಸ್ಸು ಕುದಿಯಿತು. “ಹಾಗೇ ಆಗಲಿ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಮ್ಮ ವಿದ್ಯಾರ್ಥಿಯು ಯಾವ ಮಾತೂ ಆಡದೆ ನೆಲದ ಮೇಲೆ ಕುಳಿತು ಶೆಟ್ಟರ ಬೂಟಿನ ದಾರವನ್ನು ಬಿಚ್ಚಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದನು. ಒಂದು ಕಾಲದಲ್ಲಿ ‘ಸಾಪ್ತಪದೀನ’ದ ಅರ್ಥವನ್ನು ನಮ್ಮಿಂದ ಕೇಳಿ ಬರೆದುಕೊಂಡವರಲ್ಲಿ ಅವನೂ ಒಬ್ಬನು. ನಮಗೆ ನಾಚಿಕೆಯಾಯಿತು.

ಚಹದ ಅಂಗಡಿಯ ತಾಯಿಯೊಬ್ಬಳು ಲಿಂಬೆಯ ರಸಕ್ಕೆ ಉಪ್ಪು ಸಕ್ಕರೆ ಬೆರೆಸಿ ಕೊಟ್ಟಳು; ದುಡ್ಡು ಬೇಡವೆಂದಳು. ಒಂದು ಗಂಟೆ ನೆರಳಿನಲ್ಲಿ ಕುಳಿತೆವು. ಸೆಳೆತ ಇಳಿದ ಮೇಲೆ ಶೆಟ್ಟರೇ ಎದ್ದು, “ನಾಲ್ಕು ಹೆಜ್ಜೆ ನೋಡೋಣ” ಎಂದರು. ಮತ್ತೆ ನೋವಾದರೆ ನಾಲ್ವರೂ ಬಸ್ಸು ಹತ್ತುವುದೆಂದು ನಿಶ್ಚಯಿಸಿದೆವು. ನಾಲ್ಕು ಹೆಜ್ಜೆ ಏಳಾಯಿತು, ಏಳು ನೂರಾಯಿತು. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಓಟದ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಐದಕ್ಕೆ ಸಮೀಪಿಸುವಾಗ ಕೋಟೆಯ ಬಾಗಿಲು ಕಂಡಿತು. ಪಡೆಪ್ಪನವರು ಮೂರು ಗಂಟೆಯೊಳಗೆ ಮುಗಿಸಿದುದಕ್ಕಿಂತ ಒಂಬತ್ತೇ ಕಿಲೋಮೀಟರು ಹೆಚ್ಚಿನ ದಾರಿಗೆ ನಮಗೆ ಹೆಚ್ಚುಕಡಿಮೆ ಹನ್ನೆರಡು ಗಂಟೆ ಹಿಡಿಯಿತು. ಬಾಗಿಲಲ್ಲಿ ಶೆಟ್ಟರು ಒಂದು ಹೆಜ್ಜೆ ಹಿಂದೆ ಸರಿದು ನಮ್ಮನ್ನು ಮುಂದೆ ಬಿಡಲು ನೋಡಿದರು. ನಾವು ಅವರ ಕೈ ಹಿಡಿದುಕೊಂಡೆವು. ನಾಲ್ವರೂ ಒಟ್ಟಿಗೇ ಒಳಹೊಕ್ಕೆವು.