ಇಳಿಯುವ ದಾರಿ

ಕುಮಾರ ಪರ್ವತಕ್ಕೆ ಯಾವ ಕಡೆಯಿಂದ ಹತ್ತೋದು? ಹೈದರಾಬಾದಿನ ನಮ್ಮ ಕೋಣೆಯಲ್ಲಿ ವಾರದಿಂದ ಇದೇ ವಾದ. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದಾದರೆ ಸುಮಾರು 13 ಕಿಲೋಮೀಟರ್ ಕಾಡು, ಹುಲ್ಲುಗುಡ್ಡ, ಶೇಷ ಪರ್ವತ. ಸೋಮವಾರಪೇಟೆ ಕಡೆಯಿಂದ ಹೆಚ್ಚುಕಡಿಮೆ ಅದರ ಅರ್ಧ. ಆದರೆ ಶಿಖರದ ಹತ್ತಿರ ಬೋಳುಬಂಡೆ, ಕೈಯೂರಿ ಏರಬೇಕು.

“ಅರ್ಧಾ ದೂರ! ಅಲ್ಲೇ ಹತ್ತಿ ಅಲ್ಲೇ ಇಳಿಯೋಣು. ಇನ್ನೇನ್ ಬೇಕೋ ನಿನಗ?” ಅಂದ ಗೆಳೆಯ. ಬಿ.ಕಾಂ. ಓದುವವನಿಗೆ ಉಳಿತಾಯವೆಂದರೆ ಆಸೆಯೇ. ಆದರೂ ನಾನು ಒಪ್ಪಲಿಲ್ಲ.

ಕಾರಣ ಭುವನಗಿರಿ. ನಮ್ಮ ಚಾಲುಕ್ಯ ತ್ರಿಭುವನಮಲ್ಲ ವಿಕ್ರಮಾದಿತ್ಯನ ಹೆಸರು ಹೊತ್ತ ಕೋಟೆಯ ಬಂಡೆ. 2014ರಲ್ಲಿ 13ನೇ ವಯಸ್ಸಿಗೇ ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾ ತರಬೇತಿ ಪಡೆದದ್ದೂ ಅಲ್ಲೇ. ಕಳೆದ ತಿಂಗಳು ನಾವೂ ಹಗ್ಗ ಕಟ್ಟಿಕೊಂಡು ಹತ್ತಿದೆವು. ಹತ್ತುವಾಗ ಹಿಡಿತ ಕಣ್ಣೆದುರೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗವೇ ಕಾಣೋದಿಲ್ಲ. ಗೆಳೆಯನ ಮೊಣಕಾಲು ನಡುಗಿದ್ದನ್ನು ಕಂಡೆ. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಹಗ್ಗವಿತ್ತು, ಕುಮಾರ ಪರ್ವತದಲ್ಲಿ ಮಂಜು ಇರುತ್ತದೆ.

ಅದಕ್ಕೇ ಹೇಳಿದೆ: ಸೋಮವಾರಪೇಟೆಯಿಂದ ಬಂಡೆ ಏರೋಣ, ಉದ್ದವಾದರೂ ಕುಕ್ಕೆಗೇ ಇಳಿಯೋಣ. ಬಂಡೆಯ ಬುಡದಲ್ಲೇ ಮಳೆ ಹನಿದರೆ ಅಲ್ಲಿಂದಲೇ ವಾಪಸು.

“ಅಷ್ಟು ದೂರ ಹೋಗಿ?”

“ಹೂಂ. ಅಷ್ಟು ದೂರ ಹೋಗಿ.”

ಅವನು ಮೊಣಕಾಲು ಸವರಿಕೊಳ್ಳುತ್ತಾ ರೈಲಿನ ವೇಳಾಪಟ್ಟಿ ತೆಗೆದ.